ಬೆಕ್ಕು, ಬಾವಿ ಮತ್ತು ನನ್ನ ಎರಡು ಕೊಂಡಿಗಳು

ಬೆಟ್ಟ ಹತ್ತುವವರು ಬಳಸುವ ಎರಡು ಕ್ಯಾರಬೀನರ್‌ಗಳು ನನ್ನ ಬಳಿ ಇವೆ. ಬೆಟ್ಟ ಮಾತ್ರ ನಾನು ಇದುವರೆಗೆ ಹತ್ತಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ನಿಪ್ಪಾಣಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಬೇರೆಯದೇ ಸುದ್ದಿ ಇದೆ, ಅದನ್ನು ಹಬ್ಬಿಸಿದವನೂ ನಾನೇ.

ಕ್ಯಾರಬೀನರ್ ಎಂದರೆ ಲೋಹದ ಒಂದು ಕೊಂಡಿ. ಒಂದು ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಬಾಗಿಲು. ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ವೈದ್ಯರು ತೂಕ ಇಳಿಸಲು ಹೇಳಿದ ವಾರ, ಬಾದಾಮಿಯ ಬಂಡೆ ಹತ್ತುವವರ ವಿಡಿಯೋಗಳನ್ನು ನೋಡಿ ಉಬ್ಬಿದ್ದ ನಾನು ಕೊಲ್ಹಾಪುರಕ್ಕೆ ಹೋಗಿ ಅಂಗಡಿಯವನ ಮುಂದೆ ನಿಂತೆ. ಅವನು ನನ್ನ ಹೊಟ್ಟೆಯನ್ನು ನೋಡಿ, "ಖರೇನ ನೀವ ಹತ್ತಾವ್ರೇನ್ರಿ ಸರ್?" ಎಂದ. ಇಂಗ್ಲಿಷಿನ ಡಿ ಅಕ್ಷರದಂಥದ್ದು, ಪೇರಲದಂಥದ್ದು, ಓವಲ್ ಎನ್ನುವ ಮೊಟ್ಟೆಯಂಥದ್ದು, ಮೂರನ್ನೂ ಮುಂದಿಟ್ಟ. "ತಾಕತ್ತು ಡಿಗೆ ಜಾಸ್ತಿರಿ. ಓವಲ್ ರಾಟಿಗೆ ಛಲೋ."

ಗಣಿತ ಕಲಿಸುವವನಾದ್ದರಿಂದ ನನಗೆ ಅರ್ಥವಾಯಿತು. ಡಿ ಆಕಾರದ್ದು ಭಾರವನ್ನು ಬಾಗಿಲಿಲ್ಲದ ಗಟ್ಟಿ ಪಕ್ಕಕ್ಕೆ ದೂಡುತ್ತದೆ. ಓವಲ್ ಹಾಗಲ್ಲ, ಭಾರ ನಡುವೆಯೇ ನಿಲ್ಲುತ್ತದೆ. ರಾಟೆ ತೂಗಹಾಕಿದರೆ ವಾಲುವುದಿಲ್ಲ. ತೀರಾ ನಂಬಿಕೆ ಬೇಕಿದ್ದರೆ ಎರಡನ್ನು ಜೊತೆಗೂಡಿಸಿ, ಬಾಗಿಲುಗಳನ್ನು ಎದುರುಬದುರು ಮಾಡಬೇಕು. ಒಂದು ಬಾಯಿಬಿಟ್ಟರೂ ಇನ್ನೊಂದು ಬಿಡುವುದಿಲ್ಲ. ನಾನೂ ಪದ್ಮಾಳೂ ಸಂಸಾರ ನಡೆಸಿಕೊಂಡು ಬಂದಿರುವುದು ಇದೇ ಪದ್ಧತಿಯಲ್ಲಿ. ಹೀಗೆಲ್ಲ ವಿಚಾರ ಮಾಡಿ ಎರಡು ಓವಲ್, ಒಂದು ಪುಟ್ಟ ರಾಟೆ, ಕೊಂಡಿ ಸಿಕ್ಕಿಸಲು ಒಂದು ಗಟ್ಟಿ ಪಟ್ಟಿ, ಒಂದು ಹಗ್ಗ ತಂದೆ. ನಿಜ ಹೇಳಬೇಕೆಂದರೆ ಓವಲ್‌ನ ಮೈಕಟ್ಟು ನನ್ನದನ್ನೇ ಹೋಲುತ್ತಿತ್ತು.

ಆಮೇಲೆ ಮೂರು ಸಲ ಬಾದಾಮಿಗೆ ಹೊರಟೆ. ಒಮ್ಮೆ ಮೊಣಕಾಲು, ಒಮ್ಮೆ ಪರೀಕ್ಷೆ, ಒಮ್ಮೆ ಅಂಜಿಕೆ. ಕೊಂಡಿಗಳು ಅಕ್ಕೋಳದ ನಮ್ಮ ತೋಟದ ಮನೆಯ ಗೂಟದಲ್ಲಿ ನೇತಾಡುತ್ತ ವರ್ಷ ಕಳೆದವು.

ಈ ಸಲದ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅವ್ವ ಕುಡಗೋಲು, ಸಲಿಕೆ, ಟ್ರ್ಯಾಕ್ಟರ್ ಜೊತೆ ನನ್ನ ಕೊಂಡಿಗಳನ್ನೂ ಪೂಜೆಗಿಟ್ಟಳು. ಎಣ್ಣೆ ಹಚ್ಚಿ, ಅದರ ಮೇಲೆ ಅರಿಷಿಣ ಕುಂಕುಮ. ನನಗೆ ಬಹಳ ಸಂತೋಷವಾಯಿತು. ಮನೆಯಲ್ಲಿ ಅವುಗಳನ್ನು ಆಯುಧವೆಂದು ಒಪ್ಪಿದವಳು ಅವಳೊಬ್ಬಳೇ.

ಮರುದಿನ ಸಂಜೆ ಅವ್ವನ ಬೆಕ್ಕು ಬಾವಿಗೆ ಬಿತ್ತು. ಮೋಟಾರು ಬಂದ ಮೇಲೆ ಆ ಬಾವಿಯ ಹಳೆಯ ರಾಟೆ ಎತ್ತಲೋ ಹೋಗಿತ್ತು. ಮೇಲಿನ ಕಬ್ಬಿಣದ ತೊಲೆಯೊಂದೇ ಉಳಿದಿತ್ತು. ಬೆಕ್ಕು ನೀರಿನಿಂದೆದ್ದು ಒಂದು ಕಲ್ಲಿನ ಮೇಲೆ ಕುಳಿತು ಇಡೀ ಊರನ್ನು ಬೈಯುತ್ತಿತ್ತು. ನಾವು ಜೈನರು. ಅವ್ವ ಹೊತ್ತು ಮುಳುಗಿದ ಮೇಲೆ ಅನ್ನವಿರಲಿ, ನೀರನ್ನೂ ಮುಟ್ಟುವುದಿಲ್ಲ. ಎಪ್ಪತ್ತಾರು ವರ್ಷದ ಜೀವ, ಸಕ್ಕರೆ ಕಾಯಿಲೆ ಬೇರೆ. ಪದ್ಮಾ ತಾಟು ಬಡಿಸಿ ಕರೆದಳು.

"ಬೆಕ್ಕ ಬಾವ್ಯಾಗ ಕುಂತೈತಿ, ನನ್ನ ಗಂಟಲದಾಗ ರೊಟ್ಟಿ ಹೆಂಗ ಇಳಿದೀತಬೇ? ಅದು ಮ್ಯಾಲ ಬರಲಿ, ಉಣ್ತೀನಿ," ಎಂದು ಅವ್ವ ಬಾವಿಕಟ್ಟೆಯ ಪಕ್ಕ ಕುಳಿತುಬಿಟ್ಟಳು.

ಸೂರ್ಯ ಕಬ್ಬಿನ ಗರಿಗಳ ಮೇಲೆ ಎರಡು ಗೇಣು ಇದ್ದ. ನಾನು ಕೊಂಡಿ ತಂದು, "ನಾ ಇಳೀತೀನಿ," ಎಂದೆ.

"ಬೆಕ್ಕ ನೀವ ತಗೀತೀರಿ. ನಿಮ್ಮನ್ನ ಯಾರ ತಗೀಬೇಕ್ರಿ?" ಎಂದಳು ಪದ್ಮಾ. "ಬುಟ್ಟಿ ಇಳಸ್ರಿ."

ಬೇಸರವಾದಂತೆ ಮುಖ ಮಾಡಿದೆ. ಒಳಗೆ ಪ್ರಾಣ ಬಂದಂತಾಗಿತ್ತು. ಆದರೆ ಕೊಂಡಿಯ ಬಾಗಿಲು ಒತ್ತಿದರೆ ಅದು ತೆರೆದದ್ದು ತೆರೆದೇ ನಿಂತಿತು. ಎಣ್ಣೆ ಕುಂಕುಮ ಕೂಡಿ ಸಂದಿಯಲ್ಲೆಲ್ಲ ಅಂಟಾಗಿತ್ತು. ತೆರೆದ ಬಾಗಿಲಿನ ಕ್ಯಾರಬೀನರ್ ಅಂಗಿ ತೂಗಹಾಕುವ ಗಿಳಿಗೂಟಕ್ಕಿಂತ ಕಡೆ. ಎರಡನೆಯದೂ ಹಾಗೆಯೇ. ಅವ್ವನ ಮುಂದೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಪದ್ಮಾ ಕೊಂಡಿಯನ್ನು ನೋಡಿ, ಒಳಗೆ ಹೋಗಿ ಬಿಸಿನೀರು, ಸಾಬೂನು ಮತ್ತು ನನ್ನ ಹಲ್ಲುಜ್ಜುವ ಬ್ರಶ್ ತಂದಳು. ತಿಕ್ಕಿದೆವು. ಸೂರ್ಯ ಒಂದು ಗೇಣಿಗೆ ಬಂದ. ಕೊನೆಗೆ ಎರಡೂ ಬಾಗಿಲು ಟಪ್ಪೆಂದು ಮುಚ್ಚಿಕೊಂಡವು.

ತೊಲೆಗೆ ಪಟ್ಟಿ ಸುತ್ತಿ, ಕೊಂಡಿಗಳನ್ನು ಎದುರುಬದುರು ಹಾಕಿ, ರಾಟೆ ತೂಗಹಾಕಿ, ಹಾಲಿನಲ್ಲಿ ನೆನೆಸಿದ ರೊಟ್ಟಿ ಇಟ್ಟು ಬುಟ್ಟಿ ಇಳಿಸಿದೆ. ಬೆಕ್ಕು ಬುಟ್ಟಿಯನ್ನು ನೋಡಿತು, ನನ್ನನ್ನು ನೋಡಿತು, ಮೈ ನೆಕ್ಕಿಕೊಂಡಿತು. ಹೊತ್ತು ಮುಳುಗುವ ಅವಸರ ಅದಕ್ಕಿರಲಿಲ್ಲ. ಅವ್ವನ ತುಟಿ ಒಣಗಿದ್ದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು. ಅಷ್ಟರಲ್ಲಿ ಬೆಕ್ಕು ಬುಟ್ಟಿಗೆ ಹಾರಿತು. ರಾಟೆ ವಾಲಲಿಲ್ಲ, ಹಗ್ಗ ಉಜ್ಜಲಿಲ್ಲ. ಬುಟ್ಟಿ ನೆಟ್ಟಗೆ ಮೇಲೆ ಬಂತು.

ಅವ್ವ ಅಲ್ಲೇ ಕಟ್ಟೆಯ ಮೇಲೆ ಕೈತೊಳೆದು ಗಡಬಡಿಸಿ ಉಂಡಳು. ನಾನು ಹಗ್ಗ ಸುತ್ತುತ್ತ ಪಶ್ಚಿಮಕ್ಕೆ ಬೆನ್ನು ಮಾಡಿ ನಿಂತಿದ್ದೆ.

"ಏ, ಹೊತ್ತ ಮುಳಗಾಕತ್ತೇತಿ. ನೀ ಉಂಡಿಲ್ಲಲ್ಲೋ! ಬಾಯಿ ತಗಿ," ಎಂದಳು ಅವ್ವ.

ನನ್ನ ಕೈಯೆಲ್ಲ ಎಣ್ಣೆ, ಕುಂಕುಮ, ಬೆಕ್ಕಿನ ಕೂದಲು. ಐವತ್ತೆರಡು ವರ್ಷದ ನಾನು ಬಗ್ಗಿ ಬಾಯಿ ತೆರೆದೆ. ಅವಳು ತನ್ನ ತಾಟಿನ ಕಡೆಯ ತುತ್ತನ್ನು ನನ್ನ ಬಾಯಲ್ಲಿಟ್ಟಳು. ಸೂರ್ಯ ಹೋದ.

ಆ ಒಂದು ತುತ್ತಿಗೆ ಹೊಟ್ಟೆ ತುಂಬಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಏಳೂವರೆಗೇ ಹಸಿವಾಯಿತು. ಅವ್ವನಿಗೆ ಗೊತ್ತಿಲ್ಲದಂತೆ ನಾನು ಆಗಾಗ ಹೊತ್ತು ಮುಳುಗಿದ ಮೇಲೆ ಉಣ್ಣಲು ಹೋಗುವ ಧಾಬಾ ರಸ್ತೆಯಾಚೆ ತೆರೆದೇ ಇತ್ತು. ಒಗ್ಗರಣೆಯ ವಾಸನೆ ಅಂಗಳದವರೆಗೆ ಬರುತ್ತಿತ್ತು. ಅಂದು ಮಾತ್ರ ಚಪ್ಪಲಿ ಮೆಟ್ಟಲು ಮನಸ್ಸಾಗಲಿಲ್ಲ.