ಕೆಂಪಿಯ ಹುಟ್ಟುಹಬ್ಬ

ಮಾಸ್ ನದಿಯ ದಂಡೆಯ ನಮ್ಮ ಊರು ಹೇತದ್ದೆಲ್ಲ ಮೂವತ್ತನಾಲ್ಕು ವರ್ಷ ಲೇನ್ದರ್ಟ್‌ನ ಕಣ್ಣೆದುರೇ ಹಾದು ನದಿ ಸೇರಿತು. ಕೊಳಚೆ ನೀರು ಶುದ್ಧಮಾಡುವ ಘಟಕದಲ್ಲಿ ಅವನು ಆಪರೇಟರು. ಮುಷ್ಕರ ಹೂಡಿ ಜೊತೆಯ ಕೆಲಸಗಾರರಾದ ನಾವು ಗೇಟಿಗೆ ಅಡ್ಡ ಕೂತಾಗಲೂ ಗಂಟೆಗೊಮ್ಮೆ ಒಳಗೆ ಓಡುತ್ತಿದ್ದ.

“ಲೇ, ಮುಷ್ಕರ ಮಾಡ್ತಿದ್ದೀಯೋ, ಬಾಣಂತನ ಮಾಡ್ತಿದ್ದೀಯೋ?”

“ನೀವು ಘೋಷಣೆ ಕೂಗ್ರೋ. ತೊಟ್ಟಿಗೆ ಗಾಳಿ ನಿಂತ್ರೆ ಕೊಳೆ ತಿನ್ನೋ ಕ್ರಿಮಿಗಳು ಸಾಯ್ತವೆ. ಪಾಪ, ಅವಕ್ಕೆ ಯೂನಿಯನ್ನಿಲ್ಲ.”

ಕೊಳಚೆಯ ಅಮೋನಿಯಂ ಅಳೆಯುವ ಮೀಟರಿನ ಮುಳ್ಳು ಏರಿತೋ, ಗಾಳಿ ಹೆಚ್ಚಿಸು. ಅವನ ಕಸುಬೆಂದರೆ ಇಷ್ಟೇ. ನಿದ್ದೆಗಣ್ಣಲ್ಲೂ ಕೈ ಗಾಳಿಯ ತಿರುಪಿಗೇ ಹೋಗುತ್ತಿತ್ತು.

ಅಂಥವನ ವಶಕ್ಕೆ ಎಂಜಿನಿಯರ್ ಹೆಸ್ಟರ್ ಒಂದು ಮುಚ್ಚಿದ ತೊಟ್ಟಿಯನ್ನೂ ಬಕೆಟ್ಟಿನಷ್ಟು ಕೆಂಪು ಕೆಸರನ್ನೂ ಒಪ್ಪಿಸಿದಳು. ಆ ಕೆಸರಿನಲ್ಲಿದ್ದವು ಬೇರೆ ಜಾತಿಯ ಬ್ಯಾಕ್ಟೀರಿಯಾ. ಅಮೋನಿಯಂ ಮತ್ತು ನೈಟ್ರೈಟ್ ಎರಡನ್ನೂ ಕೂಡಿಸಿ ತಿಂದು ನೈಟ್ರೋಜನ್ ಅನಿಲ ಮಾಡಿ ಬಿಡುತ್ತವೆ. ಆಮ್ಲಜನಕ ಬೇಡವೇ ಬೇಡ.

“ಗಾಳಿ ಕೊಟ್ರೆ?” ಎಂದು ಲೇನ್ದರ್ಟ್ ಕೇಳಿದ.

“ಕೆಲಸ ನಿಲ್ಲಿಸ್ತವೆ. ನೈಟ್ರೈಟ್ ಏರಿ ಅದೇ ವಿಷ ಆಗಿ ಸಾಯ್ತವೆ.”

“ಹಂಗಾದ್ರೆ ನಾನು ಕಲ್ತಿದ್ದೆಲ್ಲ ಇವಕ್ಕೆ ಪಾಷಾಣ ಅನ್ನಮ್ಮ.”

ಬಕೆಟ್ಟಿನದು ತೊಟ್ಟಿ ತುಂಬಬೇಕು. ಆದರೆ ಒಂದು ಎರಡಾಗಲು ಹತ್ತು ಹನ್ನೆರಡು ದಿನ. ಮೂರು ವರ್ಷ ಹಿಡಿಯುತ್ತದೆಂದು ಲೆಕ್ಕ. ನಿವೃತ್ತಿಗೆ ಮುಂಚೆ ತೊಟ್ಟಿ ಪೂರ್ತಿ ದುಡಿಯುವುದನ್ನು ನೋಡಬೇಕು, ಅವನಿಗಿದ್ದದ್ದು ಅದೊಂದೇ ಆಸೆ. ಮೊದಲ ವರ್ಷವೇ ತೊಟ್ಟಿಯ ಗಾಜಿನ ಕಿಂಡಿಯಲ್ಲಿ ಕೆಂಪು ಕಂಡ ದಿನ, ಅಕ್ಟೋಬರ್ ಒಂಬತ್ತು, ನಮ್ಮ ದೇಶದ ರೂಢಿಯಂತೆ ಘಟಕದ ಕಕ್ಕಸಿನಲ್ಲಿ ತೂಗುವ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಅಡುಗೆಯ ಕೊರಿ ಮತ್ತು ಲಾರಿಯ ಬಾಸ್ಟಿಯಾನ್ ಹೆಸರುಗಳ ನಡುವೆ “ಕೆಂಪಿ” ಎಂದು ಬರೆದ. ನಮ್ಮಲ್ಲಿ ಹುಟ್ಟುಹಬ್ಬ ಯಾರದೋ ಅವರೇ ಕೇಕು ತರಬೇಕಲ್ಲ, ಕೆಂಪಿಯ ಪರವಾಗಿ ಪ್ರತಿವರ್ಷ ಅವನೇ ಸೇಬಿನ ಕೇಕು ತಂದ. ನಾವು ಕೈ ಕುಲುಕಿ “ಅಭಿನಂದನೆ ಅಪ್ಪಾ” ಅನ್ನುತ್ತಿದ್ದೆವು.

ನಿವೃತ್ತಿಗೆ ಮುಂಚಿನ ಅವನ ಕೊನೆಯ ಜನವರಿ, ತೊಟ್ಟಿ ಇನ್ನೇನು ತುಂಬುವುದರಲ್ಲಿತ್ತು. ಶುಕ್ರವಾರ ಸಂಜೆ ಕೆಂಪಿಯ ತೊಟ್ಟಿಯ ಮುಳ್ಳು ಏರಿತು. ಒಳಬರುವ ನೀರು ತಗ್ಗಿಸಬೇಕಿತ್ತು. ಅವನು ಆ ತೊಟ್ಟಿಗೂ ಇದ್ದ ಗಾಳಿಯ ತಿರುಪನ್ನು ತೆರೆದ. ಕೊಳಚೆಯೊಂದಿಗೆ ಸೇರಿಕೊಂಡಿದ್ದ ಹಳೆಯ ಜಾತಿಯ ಕ್ರಿಮಿಗಳು ಗಾಳಿ ಸಿಕ್ಕಿ ಅಮೋನಿಯಂ ತಿಂದವು, ಮುಳ್ಳು ಇಳಿಯಿತು. ನಿಶ್ಚಿಂತೆಯಿಂದ ಸೈಕಲ್ ಹತ್ತಿ ಮನೆಗೆ ಹೋದ.

ಸೋಮವಾರ ಹೆಸ್ಟರ್ ತೆಗೆದ ಮಾದರಿ ಕೆಂಪು ಹೋಗಿ ಬೂದುಗಂದಾಗಿತ್ತು. “ಪಂಪು ಕೈಕೊಟ್ಟಿದೆ,” ಎಂದಳು. ಆ ತಿರುಪು ಕೈಯಿಂದ ತಿರುಗಿಸುವಂಥದ್ದು, ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಘಟಕದ ದಿನಚರಿ ಎಳೆದುಕೊಂಡು ಬರೆದ: ಶುಕ್ರವಾರ, ನಾಲ್ಕೂ ಇಪ್ಪತ್ತು, ಗಾಳಿ ಬಿಟ್ಟವನು ನಾನು.

“ನಿಮಗೆ ಗೊತ್ತಿತ್ತಲ್ಲ!” ಹೆಸ್ಟರ್ ಕೂಗಿದಳು. “ನನಗಿಂತ ಚೆನ್ನಾಗಿ ಗೊತ್ತಿತ್ತು!”

“ತಲೆಗೆ ಗೊತ್ತಿತ್ತಮ್ಮ. ಕೈಗೆ ಯಾರು ಹೇಳ್ತಾರೆ?” ದಿನಚರಿ ಮುಚ್ಚಿ ಕೇಳಿದ, “ಮತ್ತೆ ಬೆಳೆಯೋಕೆ?”

“ಬದುಕಿರೋದು ಚೂರುಪಾರು. ಎರಡು ವರ್ಷ.”

ಅವನ ಕೆಲಸ ಉಳಿದದ್ದು ಮೂರು ತಿಂಗಳು. ಬೀಳ್ಕೊಡುಗೆ ಬೇಡವೆಂದ. ಕೊನೆಯ ದಿನ ಗಾಳಿಯ ತಿರುಪಿಗೆ ತಂತಿ ಸುತ್ತಿ ಇಕ್ಕಳದಿಂದ ಬಿಗಿದು ಹೋದ.

ಅಕ್ಟೋಬರ್ ಒಂಬತ್ತಕ್ಕೆ ಗೇಟಿಗೆ ಬಂದ, ಕೇಕಿಲ್ಲದೆ. ಕಿಂಡಿಯಲ್ಲಿ ಇಣುಕಿದ. ಕಂದು. ನಾನು ಕೈ ಚಾಚಿದೆ.

“ಈ ಸಲ ಬೇಡ ಕಣೋ,” ಎಂದು ಎರಡೂ ಕೈ ಕೋಟಿನ ಜೇಬಿಗೆ ತುರುಕಿಕೊಂಡ.

ಮುಂದಿನ ಜೂನಿನಲ್ಲಿ ಹೃದಯ ನಿಂತು ಸತ್ತ. ಆ ಅಕ್ಟೋಬರಿಗೆ ಕಿಂಡಿ ಕೆಂಪಾಯಿತು. ಹೆಸ್ಟರ್ ಸೇಬಿನ ಕೇಕು ಮಾಡಿ ತಂದಳು, ತಳ ಸೀದಿತ್ತು. ಯಾರ ಕೈ ಕುಲುಕಬೇಕೆಂದು ಯಾರಿಗೂ ತಿಳಿಯಲಿಲ್ಲ. ನಿಂತೇ ತಿಂದೆವು.