ನೋಡದೆ ಹೇಳಿದ ದರ

ಕಾರ್ಪೆಟ್ ನೋಡದೆ ದರ ಹೇಳಬಾರದು ಎಂಬುದು ವಿಶಾಖಾಳ ಹಟ. "ಫೂಟಿಗಿ ಎಷ್ಟ್ರಿ?" ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ, "ಬಂದು ನೋಡಿ ಹೇಳ್ತೀವ್ರಿ" ಎನ್ನುತ್ತಿದ್ದಳು. ಅರ್ಧಕ್ಕರ್ಧ ಜನ ಅಲ್ಲಿಗೇ ಫೋನ್ ಇಟ್ಟುಬಿಡುತ್ತಿದ್ದರು.

ಅವಳು ಚಿಂತಾಕಿ ಎಂಬ ಊರಿನ ಮಗಳು. ಮದುವೆಗೆ ಮುಂಚೆ ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾಗ ಕಾರ್ಪೆಟ್ ತೊಳೆಯುವುದನ್ನು ಕಲಿತಿದ್ದಳು. ಗಂಡ ಸುಶೀಲಕುಮಾರ ಬೀದರಿನ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿದ್ದ. ಊರಿನ ಫಂಕ್ಷನ್ ಹಾಲಿನವರು ತಮ್ಮ ಕಾರ್ಪೆಟ್ಟುಗಳನ್ನು ತೊಳೆಯಲು ಹೈದರಾಬಾದಿಗೆ ಕಳಿಸುತ್ತಾರೆಂದು ತಿಳಿದಾಗ, ಇಲ್ಲೇ ಯಾಕೆ ಮಾಡಬಾರದು ಎಂದು ಅವಳಿಗೆ ಅನ್ನಿಸಿತು. ಚಿದ್ರಿ ರಸ್ತೆಯ ಕಡೆ ಬೋರ್‌ವೆಲ್ ಇದ್ದ ಒಂದು ಶೆಡ್ಡು ಬಾಡಿಗೆಗೆ ಸಿಕ್ಕಿತು. ಜೊತೆಗೆ ಸಿಕ್ಕವಳು ಅದೇ ಓಣಿಯ ಮನಿಷಾ.

ಮನಿಷಾಳ ತವರು ಸಂತಪುರ. ಕುರಿ ಸಾಕುವ ಮನೆತನ. ಬಿಸಿನೀರು ಬಿದ್ದರೆ ಉಣ್ಣೆ ಹೇಗೆ ಮುದುಡಿಕೊಳ್ಳುತ್ತದೆ, ಹಿಂಡಿದರೆ ಹೇಗೆ ಗಂಟುಗಟ್ಟುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಲಾಗಿ ಅವಳದು ಮಾತಿನ ಬಾಯಿ. ಯಾರ ಮನೆಗೆ ಹೋದರೂ ಎರಡು ಮಾತಿನಲ್ಲಿ ಅವರ ಮಗಳಾಗಿಬಿಡುತ್ತಿದ್ದಳು. ಹಾಗಾಗಿ ಮನೆಮನೆಗೆ ಹೋಗಿ ನೋಡಿ ದರ ಹೇಳುವುದು, ದುಡ್ಡು ತರುವುದು ಅವಳ ಪಾಲಿಗೆ ಬಂತು, ತೊಳೆಯುವುದು ವಿಶಾಖಾಳ ಪಾಲಿಗೆ.

ದರ ಗೊತ್ತುಮಾಡಲು ಇಬ್ಬರೂ ಒಂದು ಭಾನುವಾರವಿಡೀ ಕೂತಿದ್ದರು. ಉದ್ದ ಅಗಲ ಅಳೆದು ಫೂಟಿನ ಲೆಕ್ಕ ಹಿಡಿಯುವುದು ಸುಲಭವೇ ಆಗಿತ್ತು. ಆದರೆ ನೈಲಾನಿನದಕ್ಕೂ ಉಣ್ಣೆಯದಕ್ಕೂ ಒಂದೇ ದರ ಹೇಗಾದೀತು? ಉಣ್ಣೆಯದನ್ನು ತಣ್ಣೀರಿನಲ್ಲೇ ತೊಳೆಯಬೇಕು, ನೆರಳಲ್ಲೇ ಹರವಬೇಕು. ಮಳೆಗಾಲದಲ್ಲಿ ಒಣಗಿಸುವ ಫ್ಯಾನಿನ ಕರೆಂಟು ಬೇರೆ. ಚಹಾದ ಕಲೆ ಹೋಗುತ್ತದೆ, ಅರಿಶಿನದ್ದು ಹೋಗುವುದಿಲ್ಲ. ಹೋಗದ ಕಲೆಗೆ ದುಡ್ಡು ಕೇಳುವುದು ಯಾವ ನ್ಯಾಯ? ಇನ್ನು ಭಾಲ್ಕಿ, ಔರಾದಿನ ಗಿರಾಕಿಗಳು. ಒಂದೇ ಮನೆಗೆಂದು ಟೆಂಪೊ ಕಳಿಸಿದರೆ ಬಾಡಿಗೆಯೇ ತೊಳೆಯುವ ದರವನ್ನು ಮೀರುತ್ತದೆ. ಒಂದೂರಿನ ನಾಲ್ಕಾರು ಮನೆಗಳನ್ನು ಕೂಡಿಸಿಕೊಂಡು ಹೋದರೆ ಪ್ರತಿಯೊಬ್ಬರಿಗೂ ಹಗುರ.

"ಎಲ್ಲಾ ಕೂಡಿಸಿ ಒಂದ ಮಾತು ಹೇಳೂದು ಮನಿಷಾ. ಹೇಳಿದ ಮ್ಯಾಲ ಒಂದ ರೂಪಾಯಿ ಸುದ್ದಾ ಹೆಚ್ಚಿಗಿ ಬ್ಯಾಡ."

"ಆಯ್ತಕ್ಕಾ, ನೀ ಹೇಳಿದಂಗೇ," ಎಂದು ಮನಿಷಾ ನಕ್ಕಿದ್ದಳು.

ಮೂರು ವರ್ಷ ಹಾಗೇ ನಡೆಯಿತು. ಆಮೇಲೆ ಹೊರಗಿನ ಒಂದು ಕಂಪನಿಯ ಜಾಹೀರಾತುಗಳು ಎಲ್ಲರ ಮೊಬೈಲಿನಲ್ಲಿ ಕಾಣತೊಡಗಿದವು. ಅವರು ಹೇಳುತ್ತಿದ್ದ ದರ ಎಷ್ಟು ಕಡಿಮೆಯೆಂದರೆ, ಅದರಲ್ಲಿ ಸೋಪಿನ ಖರ್ಚೂ ಹುಟ್ಟುವಂತಿರಲಿಲ್ಲ. ಶೆಡ್ಡಿಗೆ ಕೆಲಸ ಬರುವುದು ಕಡಿಮೆಯಾಯಿತು. ವಿಶಾಖಾ ಕಾರ್ಪೆಟ್ಟು ಒಣಹಾಕುವ ಹಗ್ಗಗಳು ಬರಿದಾದದ್ದನ್ನು ನೋಡುತ್ತ ಕೂತ ದಿನಗಳೂ ಇದ್ದವು. ಆದರೆ ಬೇಸಿಗೆ ಮುಗಿಯುವ ಹೊತ್ತಿಗೆ ಗಾಳಿ ತಿರುಗಿತು. ಔರಾದಿನಿಂದ, ಭಾಲ್ಕಿಯಿಂದ ಟೆಂಪೊ ತುಂಬಿ ಬರತೊಡಗಿತು.

"ನಮ್ಮ ಕೆಲಸ ಜನಕ್ಕ ಗೊತ್ತಾಗ್ಲತದ ಅಕ್ಕಾ," ಎಂದಳು ಮನಿಷಾ. ವಿಶಾಖಾ ನಂಬಿದಳು. ಅಂದು ಸಂಜೆ ಶೆಡ್ಡಿನವರಿಗೆಲ್ಲ ಜಿಲೇಬಿ ತರಿಸಿದಳು.

ಶ್ರಾವಣದಲ್ಲಿ ಮನಿಷಾ ಅಣ್ಣನ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಸಂತಪುರಕ್ಕೆ ಹೋದಳು. ತೊಳೆದ ಕಾರ್ಪೆಟ್ಟುಗಳನ್ನು ಮುಟ್ಟಿಸಲು ವಿಶಾಖಾ ತಾನೇ ಟೆಂಪೊ ಹತ್ತಿ ಔರಾದಿಗೆ ಹೋದಳು. ಮೊದಲ ಮನೆ ಕೇಶರಬಾಯಿಯದು. ನಿವೃತ್ತ ಶಿಕ್ಷಕಿ; ಶಾಲೆಯವರು ಬೀಳ್ಕೊಡುವಾಗ ಕೊಟ್ಟ ಉಣ್ಣೆಯ ಕಾರ್ಪೆಟ್ಟನ್ನು ಜೋಪಾನವಾಗಿ ಇಟ್ಟುಕೊಂಡವರು. ಹರವಿದ್ದನ್ನು ಕಂಡು ಅವರ ಮುಖ ಅರಳಿತು. ಒಳಗೆ ಹೋಗಿ ದುಡ್ಡು ತಂದು ವಿಶಾಖಾಳ ಕೈಗಿಟ್ಟರು. ಅದು ಇರಬೇಕಾದ್ದಕ್ಕಿಂತ ದುಪ್ಪಟ್ಟಿತ್ತು.

"ಇದು ಭಾಳ ಆಯ್ತಲ್ರಿ ಬಾಯಿ."

"ನಿಮ್ಮವರೇ ಹೇಳಿದ್ದಲ್ಲವ್ವಾ," ಎಂದರು ಕೇಶರಬಾಯಿ. "ಫೋನಿನ್ಯಾಗ ಕಮ್ಮಿ ಹೇಳಿದ್ರು. ಟೆಂಪೊದಾಗ ಹಾಕಿದ ಮ್ಯಾಲ ಉಣ್ಣಿದಕ್ಕ ಬ್ಯಾರೆ, ಚಹಾದ ದಾಗಿಗಿ ಬ್ಯಾರೆ, ಮಳಿಗಾಲದ್ದು ಬ್ಯಾರೆ ಅಂದ್ರು. ಬ್ಯಾಡ ಅಂದ್ರ ಇಳಿಸ್ಲಿಕ್ಕೂ ರೊಕ್ಕ ಅಂತ. ಆ ಹುಡುಗಿದು ತಪ್ಪಿಲ್ಲ ಬಿಡು. ಪಾಪ, ಕೈ ಮುಗದು ಹೇಳ್ತು. ಮಾಲಕಳು ವಿಶಾಖಾ ಅಂತ ಒಬ್ಬಾಕಿ ಅದಾಳಂತಲ್ಲ, ಭಾಳ ಆಸಿಬುರುಕಿ ಅಂತ. ಆಕಿ ಕೇಳಂಗಿಲ್ಲ ಅಂತ."

ವಿಶಾಖಾ ದುಡ್ಡು ಎಣಿಸಿದಳು. ಸರಿಯಾದ ದರವಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಮರಳಿಸಿದಳು.

"ನಾನೇ ವಿಶಾಖಾರಿ."

ಕೇಶರಬಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ನೋಟದಲ್ಲಿ ಸಮಾಧಾನ ಇರಲಿಲ್ಲ. ಇದರಲ್ಲೂ ಏನೋ ಮಸಲತ್ತು ಇದ್ದೀತೆಂಬ ಅನುಮಾನ ಇತ್ತು. ದುಡ್ಡು ತಿರುಗಿ ಪಡೆದವರು ಕೂತುಕೋ ಎಂದೂ ಹೇಳಲಿಲ್ಲ.

ಮರಳುವ ದಾರಿಯಲ್ಲಿ ಅವಳು ಸಂತಪುರದಲ್ಲಿ ಟೆಂಪೊ ನಿಲ್ಲಿಸಿದಳು. ಹಟ್ಟಿಯ ಮುಂದೆ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ ಸುಂದರಬಾಯಿ, ಮನಿಷಾಳ ತಾಯಿ, ಅವಳನ್ನು ಕಂಡು ಹಿಗ್ಗಿ ನೀರು ಕೊಟ್ಟು ಚಹಾಕ್ಕಿಡಲು ಒಳಗೆ ಹೋದಳು. ಮನಿಷಾ ಹೊರಗೆ ಬಂದಳು.

"ಔರಾದದಾಗ ನನ್ನ ಹೆಸರಿಗಿ ಏನೇನು ಹಚ್ಚೀದಿ ಮನಿಷಾ?"

ಮನಿಷಾಳ ಮುಖ ಬಿಳಿಚಿತು. ಆದರೆ ಬಾಯಿ ಸೋಲಲಿಲ್ಲ. "ಫೋನಿನ್ಯಾಗ ಎಲ್ಲಾರೂ ಕಮ್ಮಿ ಹೇಳ್ತಾರ ಅಕ್ಕಾ, ಮನಿಗಿ ಹೋದ ಮ್ಯಾಲ ಏರಿಸ್ತಾರ. ಧಂಧಾನೇ ಹಂಗದ. ನೀ ನೋಡದೆ ಹೇಳಂಗಿಲ್ಲ ಅಂತ ಕುಂತಿ. ಗಿರಾಕಿ ಎಲ್ಲಿಂದ ತರಬೇಕು ನಾ?"

"ನನ್ನ ಹೆಸರು ಯಾಕ ತಗೊಂಡಿ?"

"ನಾಳಿಗಿ ಅವರ ಮನಿಗಿ ಹೋಗಾಕಿ ನಾ. ನಾನೇ ಕೆಟ್ಟಾಕಿ ಆದ್ರ ಬಾಗಿಲಾ ತಗಿತಾರೇನು? ನೀ ಶೆಡ್ಡಿನ್ಯಾಗ ಇರ್ತಿ. ನಿನ್ನ ಮಾರಿ ಯಾರು ನೋಡ್ಯಾರ?"

ಎಷ್ಟು ಸಲೀಸಾಗಿ ಹೇಳಿದಳು! ತನಗೆ ಜ್ವರ ಬಂದಾಗ ಗಂಜಿ ಕಾಯಿಸಿ ತಂದವಳು ಇವಳೇ ಏನು ಎಂದು ವಿಶಾಖಾ ಅವಳನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಮನಿಷಾ ಇನ್ನೊಂದು ಮಾತು ಎಸೆದಳು.

"ನನಗ ಒಬ್ಬಾಕಿಗೇ ಯಾಕ ಕೇಳ್ತಿ? ನಮ್ಮ ಶೆಡ್ಡಿನ ಹೆಸರಿಲೆ ಕಮ್ಮಿ ರೇಟಿನ ಜಾಹೀರಾತು ಮಾಡಿ, ನನ್ನ ನಂಬರ್ ಕೊಟ್ಟು ಮೊಬೈಲಿನ್ಯಾಗ ಹಾಕಿದವ್ರು ನಿನ್ನ ಮನಿಯವ್ರು. ಅವರಿಗಿ ಕೇಳು ಹೋಗು."

ಸುಂದರಬಾಯಿ ಚಹಾ ತಂದಳು. ವಿಶಾಖಾ ಕುಡಿಯದೆ ಹೊರಟಳು.

ಮನೆಯಲ್ಲಿ ಸುಶೀಲಕುಮಾರ ಶರ್ಟು ಇಸ್ತ್ರಿ ಮಾಡುತ್ತಿದ್ದ. ಅವಳು ಕೇಳಿದಾಗ ಸುಳ್ಳು ಹೇಳಲಿಲ್ಲ.

"ಹೌದು, ನಾನೇ ಹಾಕೀನಿ. ಧಂಧಾ ಬೆಳೀತೋ ಇಲ್ಲೋ?"

"ನನಗ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಹೆಚ್ಚಿಗೆ ಬಂದದ್ದನ್ನು ತಾನೇ ಇಟ್ಟುಕೊಂಡ ಮನಿಷಾ ಹೊಟ್ಟೆಪಾಡಿಗಾಗಿ ಮಾಡಿದಳು ಎಂದು ಹೇಗೋ ತಿಳಿದುಕೊಳ್ಳಬಹುದಿತ್ತು. ತಾನು ಬೇಡ ಎನ್ನುತ್ತೇನೆಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ, ಗೊತ್ತಿದ್ದುದರಿಂದಲೇ ತನ್ನ ಬೆನ್ನ ಹಿಂದೆ ಮಾಡಿದ್ದ. ದಿನಾ ಒಂದೇ ತಾಟಿನ ಮುಂದೆ ಕೂತು, "ಈ ಸಲ ಕೆಲಸ ಭಾಳ ಬಂದದಲ್ಲ" ಎಂದು ಅವಳ ಜೊತೆ ಖುಷಿಪಟ್ಟಿದ್ದ.

ಅವಳು ಜಾಹೀರಾತು ತೆಗೆಸಿದಳು. ಭಾಲ್ಕಿಯ ಹಳೆಯ ಗಿರಾಕಿಗಳ ಬಾಗಿಲಿಗೂ ಹೋಗಿ, ಹೆಚ್ಚಿಗೆ ತೆಗೆದುಕೊಂಡದ್ದನ್ನು ಮರಳಿಸುತ್ತೇನೆಂದಳು. ಅಲ್ಲಿನ ಫಂಕ್ಷನ್ ಹಾಲಿನ ನಜಮೋದ್ದೀನ ದುಡ್ಡು ತೆಗೆದುಕೊಂಡು, "ಮೊದಲೇ ಹಿಂಗ ಇದ್ದಿದ್ರ ಛಲೋ ಇತ್ತಲ್ರಿ ಬಾಯಿ. ನಾವು ಈಗ ಬ್ಯಾರೆಯವರಿಗಿ ಕೊಟ್ಟೀವಿ," ಎಂದ. ಆ ಬೇರೆಯವರು ಮನಿಷಾ. ಶೆಡ್ಡಿಗೆ ಮರಳಿ ಬಾರದ ಅವಳು ಭಾಲ್ಕಿಯಲ್ಲೇ ಬೇರೊಂದು ಹೆಸರಿನಲ್ಲಿ ಅಂಗಡಿ ತೆರೆದಿದ್ದಳು, ಚೆನ್ನಾಗಿಯೇ ನಡೆಸಿದ್ದಳು.

ಈಗ ಶೆಡ್ಡಿಗೆ ಮೊದಲಿನಷ್ಟು ಕೆಲಸವಿಲ್ಲ. ಬೀದರಿನ ಕೆಲವು ಮನೆಗಳು, ಒಂದು ಲಾಡ್ಜು, ಅಷ್ಟೇ. ವಿಶಾಖಾ ತಾನೇ ಹೋಗಿ ನೋಡಿ, ಮಗುಚಿ, ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಪರೀಕ್ಷಿಸಿ ದರ ಹೇಳುತ್ತಾಳೆ. ಹೇಳುವಾಗ ಎದುರಿನವರ ಕಣ್ಣು ನೋಡುವುದಿಲ್ಲ.

ಒಂದು ಭಾನುವಾರ, ಲಾಡ್ಜಿನ ದೊಡ್ಡ ಕಾರ್ಪೆಟ್ಟು ನೀರು ಕುಡಿದು ಕಲ್ಲಿನಂತಾಗಿತ್ತು. ಊಟದ ಡಬ್ಬಿ ತಂದಿದ್ದ ಸುಶೀಲಕುಮಾರ ಅದನ್ನು ಕೆಳಗಿಟ್ಟು, ತೋಳು ಮಡಚಿ, ಆ ತುದಿ ಹಿಡಿಯಲು ಬಾಗಿದ.

"ಬ್ಯಾಡ್ರಿ," ಎಂದಳು ವಿಶಾಖಾ. "ಪೂನಮಗ ಕರದೀನಿ. ಬರ್ತಾಳ."

ಅವನು ನಿಂತೇ ಇದ್ದ. ಪಕ್ಕದ ಮನೆಯ ಪೂನಮ ಬರುವವರೆಗೂ ಅವಳು ತನ್ನ ತುದಿಯನ್ನು ಹಿಡಿದುಕೊಂಡು ಕಾದಳು.