ಹಲಗೆಯ ಬೆನ್ನು

ಹಾಲ್ವರನಿಗೆ ಎದುರು ಬೆಳಕೆಂದರೆ ಆಗುತ್ತಿರಲಿಲ್ಲ. "ಎದುರು ಬೆಳಕು ಮುಖಸ್ತುತಿ ಮಾಡುತ್ತೆ ಮೇಷ್ಟ್ರೇ, ಓರೆ ಬೆಳಕು ಚಾಡಿ ಹೇಳುತ್ತೆ. ನನಗೆ ಚಾಡಿಕೋರನೇ ಬೇಕು" ಎನ್ನುತ್ತಿದ್ದ. ನಮ್ಮೂರ ಹಳೆಯ ವಸ್ತುಗಳ ಮನೆಯಲ್ಲಿ ಉತ್ತರದ ಕಿಟಕಿಯ ಪರದೆಯನ್ನು ಅಂಗೈಯಗಲ ಸರಿಸಿ, ಆ ಸೀಳಿನಿಂದ ಬಂದ ಬೆಳಕು ವಸ್ತುವಿನ ಮೈಯನ್ನು ಸವರಿಕೊಂಡು ಹೋಗುವಂತೆ ಮೇಜನ್ನು ತಿರುಗಿಸುವನು. ಆಮೇಲೆಯೇ ಕ್ಯಾಮೆರಾಕ್ಕೆ ಕೈ. ಆಗ ಮರದ ಚಮಚದ ಮೇಲೆ ಯಾವುದೋ ಮಗುವಿನ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ಹಾಲಿನ ಪಾತ್ರೆಯ ಹಿಡಿ ಒಂದೇ ಕಡೆ ಸವೆದಿದ್ದರೆ, ಹಾಲು ಕರೆದವಳು ಎಡಗೈಯವಳೆಂದು ತಿಳಿಯುತ್ತಿತ್ತು.

ಅವನು ಹುಟ್ಟಾ ಛಾಯಾಗ್ರಾಹಕನೇನಲ್ಲ. ಹಾರ್ಡಾಂಗರ್ ಫ್ಯೋರ್ಡ್ ಎಂಬ ಕಡಲ ತೋಳನ್ನು ದಾಟಿಸುತ್ತಿದ್ದ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಸೇತುವೆ ಬಂತು, ಹಡಗು ನಿಂತಿತು. ಅದೇ ಚಳಿಗಾಲದಲ್ಲಿ ಹೆಂಡತಿಯೂ ತೀರಿಕೊಂಡಳು. ಸುಮ್ಮನೆ ಕೂರಲಾರದ ಕೈಗಳನ್ನು ಹೊತ್ತುಕೊಂಡು, ಅಪ್ಪನ ಕಾಲದ ಕ್ಯಾಮೆರಾದೊಡನೆ ಒಂದು ದಿನ ವಸ್ತುಗಳ ಮನೆಯ ಬಾಗಿಲಿಗೆ ಬಂದ. ಬಾಗಿಲು ತೆರೆದವಳು ರಾಗ್ನಿ. ಅಂಚೆಕಚೇರಿಯ ಕೆಲಸದಿಂದ ನಿವೃತ್ತಳಾಗಿ, ಬಂದವರಿಗೆ ಅಲ್ಲಿಯ ವಸ್ತುಗಳ ಕತೆ ಹೇಳುತ್ತಿದ್ದಳು. ಮದುವೆಯಾಗದ ಹೆಂಗಸು, ನಾಲಗೆ ಚುರುಕು.

"ಕೈಯಲ್ಲಿ ಎಣ್ಣೆ ಇದೆಯಾ?" ಎಂದಳಂತೆ.

"ತೊಳೆದಿದ್ದೀನಿ ಕಣೇ."

"ಇನ್ನೊಂದು ಸಲ ತೊಳಿ."

ಅಂದಿನಿಂದ ಇಬ್ಬರೂ ಜಗಳವಾಡಿಕೊಂಡೇ ಕೆಲಸ ಮಾಡಿದರು. ಅವನು ಚಿತ್ರ ತೆಗೆಯುವುದು, ಅವಳು ಅದರಿಂದ ಕತೆ ಎಳೆಯುವುದು. ಬೆಣ್ಣೆಡಬ್ಬಿಯ ಮುಚ್ಚಳದ ಅಂಚು ಕಚ್ಚಿದಂತಿದ್ದರೆ ಅವನು "ಇಲಿ" ಎನ್ನುವನು, ಅವಳು "ಇಲಿಯಲ್ಲ, ನಿಮ್ಮ ತಾತ" ಎನ್ನುವಳು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಪಾಠ ಮರೆತು ಇವರ ಮಾತನ್ನೇ ಕೇಳುತ್ತಾ ನಿಂತಿರುತ್ತಿದ್ದೆ.

ಆ ಮನೆಯ ಕಣ್ಮಣಿಯೆಂದರೆ ರಾಗ್ನಿಯೇ ತನ್ನ ಮನೆಯಿಂದ ತಂದುಕೊಟ್ಟ ಹಲಗೆ. ಇಸ್ತ್ರಿಪೆಟ್ಟಿಗೆ ಇಲ್ಲದ ಕಾಲದಲ್ಲಿ ಒದ್ದೆಯಾರದ ಬಟ್ಟೆಯನ್ನು ಲಟ್ಟಣಿಗೆಯಂಥ ಕೊರಡಿಗೆ ಸುತ್ತಿ, ಮೇಲೆ ಇಂಥ ಹಲಗೆಯ ಬೆನ್ನನ್ನೊತ್ತಿ ಉರುಳಿಸುತ್ತಿದ್ದರು. ಹಿಡಿಗೆ ಕುದುರೆಯ ಆಕಾರ, ಮೇಲೆಲ್ಲ ಹೂಬಳ್ಳಿ. ಹುಡುಗನಾದವನು ತಾನು ಮೆಚ್ಚಿದ ಹುಡುಗಿಗಾಗಿ ಅದನ್ನು ಕೆತ್ತಿ, ಅವಳ ಹೆಸರಿನ ಅಕ್ಷರವನ್ನೂ ಇಸವಿಯನ್ನೂ ಕೊರೆದು, ಅವಳ ಮನೆಯ ಹೊಸ್ತಿಲಲ್ಲಿ ಇಟ್ಟು ಹೋಗಬೇಕು. ಹಲಗೆ ಒಳಗೆ ಹೋದರೆ ಮದುವೆ, ಹೋಗದಿದ್ದರೆ ಅದು ಹುಡುಗನ ಮನೆಗೆ ವಾಪಸು. ಅದನ್ನು ಇನ್ನೊಬ್ಬಳಿಗೆ ಕೊಡುವಂತಿಲ್ಲ, ಹೊಸದನ್ನೇ ಕೆತ್ತಬೇಕು. ಹೆಣ್ಣು ಸಿಗದೆ ಅಲೆಯುವವನನ್ನು ನಮ್ಮಲ್ಲಿ ಈಗಲೂ "ಅವನ ಮನೆಯ ಗೋಡೆ ತುಂಬ ಹಲಗೆ" ಎಂದು ಆಡಿಕೊಳ್ಳುವುದುಂಟು.

ರಾಗ್ನಿಯ ಹಲಗೆಯ ಮೇಲೆ ಅವಳ ಪೂರ್ವಜೆ ಮಾರ್ಗಿಟಳ ಅಕ್ಷರ, 1793. ಅದನ್ನು ಕೆತ್ತಿದವನನ್ನೇ ಮಾರ್ಗಿಟ್ ಮದುವೆಯಾದಳೆಂದೂ ಆ ಮನೆಯ ಹೆಂಗಸರು ತಲೆತಲಾಂತರ ಅದರಲ್ಲಿ ಬಟ್ಟೆ ಉರುಳಿಸಿದರೆಂದೂ ಊರಿಗೆಲ್ಲ ಗೊತ್ತಿದ್ದ ಕತೆ. ಚರ್ಚಿನಲ್ಲಿ ಮದುವೆಯಾದವರು ನೇರವಾಗಿ ಇಲ್ಲಿಗೆ ಬಂದು, ಗೋಡೆಯ ಮೇಲಿದ್ದ ಆ ಹಲಗೆಗೆ ಇಬ್ಬರೂ ಕೈ ಹಚ್ಚಿ ನಿಲ್ಲುವುದು, ಹಾಲ್ವರ್ ಚಿತ್ರ ತೆಗೆಯುವುದು, ಇದು ಊರಿನ ರೂಢಿಯೇ ಆಗಿಹೋಗಿತ್ತು.

ಹೋದ ವರ್ಷ ರಾಗ್ನಿಯ ಹೃದಯ ಸೋತಿತು, ಕಣ್ಣೂ ಮಂಜಾಯಿತು. ವೃದ್ಧರ ಆರೈಕೆಯ ಮನೆಯಲ್ಲಿ ಮಲಗಿದವಳು ಹಾಲ್ವರನಿಗೆ ಹೇಳಿದಳು: "ನಮ್ಮ ಹಲಗೆಯ ಬೆನ್ನಿನ ಚಿತ್ರ ಬೇಕು. ದೊಡ್ಡದಾಗಿ ತೆಗಿ."

"ಬೆನ್ನಿನಲ್ಲಿ ಏನಿದೆ ಮಾರಾಯ್ತಿ?"

"ಹೆಂಗಸರಿದ್ದಾರೆ. ಬಟ್ಟೆ ಉರುಳಿಸಿ ಉರುಳಿಸಿ ಅದರ ಬೆನ್ನು ಕನ್ನಡಿ ಥರ ಆಗಿದೆ ಅಂತ ಅಮ್ಮ ಹೇಳ್ತಿದ್ಳು. ಮನೇಲಿದ್ದಾಗ ನಮ್ಮನ್ನ ಮುಟ್ಟೋಕೇ ಬಿಡ್ತಿರಲಿಲ್ಲ. ವಸ್ತುಗಳ ಮನೆಗೆ ಕೊಟ್ಟಾಗಲೂ ಬಡಗಿನೇ ನಮ್ಮ ಗೋಡೆಯಿಂದ ಇಳಿಸಿ ಅಲ್ಲಿಯ ಗೋಡೆಗೆ ಹೊಡೆದ, ನಾನು ಹಿಂದುಗಡೆ ನೋಡಲೇ ಇಲ್ಲ. ನನ್ನ ನಂತರ ಯಾರೂ ಇಲ್ಲ ನೋಡು. ಹಿಂದೆ ಇದ್ದವರನ್ನಾದ್ರೂ ನೋಡಿಬಿಡ್ತೀನಿ."

"ಹಲಗೆಯನ್ನೇ ತರ್ಲಾ?"

"ವಸ್ತು ಹೊಸ್ತಿಲು ದಾಟಬಾರದು. ನಾನೇ ಮಾಡಿದ ನಿಯಮ, ನಾನೇ ಮುರೀಲಾ? ಚಿತ್ರ ತಾ, ಸಾಕು."

ಮೊಳೆ ಕೀಳಲು ಏಣಿ ಹಿಡಿಯಬೇಕೆಂದು ಹಾಲ್ವರ್ ನನ್ನನ್ನು ಕರೆದ. ಅಷ್ಟು ಕಾಲ ಗೋಡೆಗೇ ಅಂಟಿದ್ದ ಹಲಗೆಯನ್ನು ಇಳಿಸಿ, ಮೇಜಿನ ಮೇಲೆ ಬೋರಲು ಹಾಕಿ, ಎಂದಿನಂತೆ ಪರದೆ ಸರಿಸಿದ. ಓರೆ ಬೆಳಕು ಬಿತ್ತು.

ಬೆನ್ನಿನ ತುಂಬ ಚಾಕುವಿನ ಗೆರೆಗಳು. ಹೆರಿಂಗ್ ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು, ಹರಿತವಾಗಿ, ನಿನ್ನೆ ತಾನೇ ಹೆರೆದಂತಿದ್ದವು. ಹಾಲ್ವರ್ ಬೆರಳಾಡಿಸಿದ. ಬೆರಳಿಗೆ ಸಿಬಿರು ಚುಚ್ಚಿತು.

"ಇದು ಒಂದು ಸಲವೂ ಬಟ್ಟೆ ಕಂಡಿಲ್ಲ, ಮೇಷ್ಟ್ರೇ."

"ಹಾಗಾದರೆ ಮಾರ್ಗಿಟ್ ಬೇಡವೆಂದಳೇ? ಬೇಡವೆಂದರೆ ಹಲಗೆ ವಾಪಸು ಹೋಗಬೇಕಿತ್ತಲ್ಲ?"

"ಒಳಗೆ ತಗೊಂಡಿದ್ದಾಳೆ. ಉಪಯೋಗಿಸಿಲ್ಲ. ಮದುವೆಗೆ ಮುಂಚೆ ಹುಡುಗ ಮುಳುಗಿ ಹೋದನೋ, ಅಪ್ಪ ಬೇರೆಯವನಿಗೆ ಕೊಟ್ಟನೋ, ಕೆತ್ತನೆ ಹಾಳಾಗುತ್ತೆ ಅಂತ ಅವಳೇ ಎತ್ತಿಟ್ಟಳೋ..." ಅವನು ತಲೆ ಕೊಡವಿದ. ಸವೆದ ಚಮಚಕ್ಕೂ ಒಡೆದ ಅಂಗಿಗುಂಡಿಗೂ ರಾಗ್ನಿಯೊಡನೆ ಸೇರಿ ಕತೆ ಹುಟ್ಟಿಸುತ್ತಿದ್ದವನಿಗೆ ಆ ದಿನ ಯಾವ ಕತೆಯೂ ಹಿಡಿಸಲಿಲ್ಲ.

ಆಮೇಲೆ ಪರದೆಗಳನ್ನೆಲ್ಲ ತೆರೆದ. ಮೂಲೆಯಲ್ಲಿದ್ದ ದೀಪವನ್ನು ತಂದು ಹಲಗೆಗೆ ಎದುರಾಗಿ ಹಿಡಿದ. ನನ್ನ ಕಣ್ಣೆದುರಿಗೇ ಗೆರೆಗಳು ಮಾಯವಾದವು. ಹಲಗೆಯ ಬೆನ್ನು ನುಣ್ಣಗೆ, ಕನ್ನಡಿಯ ಹಾಗೆ ಹೊಳೆಯಿತು. ಒಂದು ಚಿತ್ರ ತೆಗೆದ. ಮತ್ತೆ ಪರದೆ ಎಳೆದು, ಓರೆ ಬೆಳಕಿನಲ್ಲಿ ಇನ್ನೊಂದು ತೆಗೆದ.

"ಅವಳಿಗೆ ಯಾವುದನ್ನ ಕೊಡಲಿ, ಹೇಳಿ ಮೇಷ್ಟ್ರೇ."

"ಏನು ಹೇಳಲಪ್ಪಾ?" ಎಂದೆ.

ಭಾನುವಾರ ಇಬ್ಬರೂ ಹೋದೆವು. ಆರೈಕೆಯ ಮನೆಯಲ್ಲಿ ದೋಸೆಯಂಥ ವಾಫಲ್ ಹುಯ್ಯುವ ದಿನ, ಓಣಿಯೆಲ್ಲ ಬೆಣ್ಣೆಯ ವಾಸನೆ. ರಾಗ್ನಿಯ ತಟ್ಟೆಯಲ್ಲಿದ್ದ ಕಂದು ಚೀಸಿನ ಚೂರು ಹಾಗೇ ಉಳಿದಿತ್ತು. ಹಾಲ್ವರ್ ಚೀಲದಿಂದ ನುಣುಪಾದ ಚಿತ್ರವನ್ನೇ ತೆಗೆದುಕೊಟ್ಟ. ಅವಳು ಅದನ್ನು ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದಳು. ಮುಖ ಅರಳಿತು. "ಅಮ್ಮ ಹೇಳಿದ ಹಾಗೇ ಇದೆ" ಎಂದಳು. ಹಾಲ್ವರ್ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

ಅವಳು ಚಿತ್ರವನ್ನು ಕಿಟಕಿಯ ಕಡೆ ತಿರುಗಿಸಿದಳು, ಮತ್ತೆ ಹತ್ತಿರ ತಂದಳು.

"ಹಾಲ್ವರ್, ಮರದ ಎಳೆಯೇ ಕಾಣಲ್ವಲ್ಲೋ. ನಿನ್ನ ಚಾಡಿಕೋರ ಎಲ್ಲಿ ಹೋದ?"

ಅವನು ಚೀಲದ ಬಾಯಿ ಮುಚ್ಚಿದ.

"ಇಷ್ಟು ವರ್ಷ ನಿನ್ನ ಚಿತ್ರ ನೋಡಿದ್ದೀನಿ ಕಣೋ. ಯಾವತ್ತೂ ಎದುರು ದೀಪ ಹಾಕಿದವನಲ್ಲ ನೀನು."

"ಮೋಡ ಇತ್ತು ಕಣೇ."

"ಮೋಡ ಇಲ್ಲದ ದಿನ ಈ ಊರಲ್ಲಿ ಯಾವುದಿತ್ತು? ಇನ್ನೊಂದನ್ನ ಕೊಡು. ಎರಡು ತೆಗೀದೆ ನೀನು ಬಂದಿರಲ್ಲ."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಕೊನೆಗೆ ಚೀಲಕ್ಕೆ ಕೈ ಹಾಕಿದ.

ಎರಡನೆಯ ಚಿತ್ರವನ್ನು ಅವಳು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಗೆರೆಗಳ ಮೇಲೆ ಬೆರಳು ಸರಿಯಿತು, ಕಾಗದದ ಮೇಲೆ ಮುಟ್ಟಿದರೆ ಏನು ತಿಳಿದೀತು!

"ಪಾಪ," ಎಂದಳು. "ಎಷ್ಟು ಚೆನ್ನಾಗಿ ಹೆರೆದಿದ್ದಾನೆ ಹುಡುಗ." ಚಿತ್ರವನ್ನು ಎದೆಯ ಮೇಲಿಟ್ಟುಕೊಂಡು, "ಹಾಗಾದ್ರೆ ನಾವು ಯಾರ ಮಕ್ಕಳೋ?" ಎಂದು ಕೇಳಿದಳು.

"ಮಾರ್ಗಿಟಳ ಮಕ್ಕಳು. ಅದರಲ್ಲಿ ಸಂಶಯವಿಲ್ಲ."

"ಅವನ ಮಕ್ಕಳಾ?"

"ಗೊತ್ತಿಲ್ಲ ರಾಗ್ನಿ."

"ಒಂದು ಕತೆ ಹೇಳೋ. ಇಲಿ ಅನ್ನು, ಏನಾದ್ರೂ ಅನ್ನು."

ಹಾಲ್ವರ್ ಕುರ್ಚಿ ಹತ್ತಿರ ಎಳೆದುಕೊಂಡ. ಅವಳ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡು ಕುಳಿತುಬಿಟ್ಟ. ವಾಫಲ್ ತಣ್ಣಗಾಯಿತು. ನಾವು ಹೊರಡುವಾಗ, "ನನ್ನ ಕೋಣೆಯ ಗೋಡೆಗೆ ಇದನ್ನೇ ಹಾಕು, ಆ ಹೊಳೆಯೋದು ಬೇಡ" ಎಂದಳು. ಊರಿಗೆ ಹೇಳಬೇಕೋ ಬೇಡವೋ ಎಂದು ಅವನು ಕೇಳಿದ್ದಕ್ಕೆ ಉತ್ತರ ಕೊಡದೆ ಗೋಡೆಯ ಕಡೆ ತಿರುಗಿ ಮಲಗಿದಳು. ಸೇಬು ಕೊಯ್ಯುವ ಹೊತ್ತಿಗೆ ತೀರಿಕೊಂಡಳು. ಪ್ರಶ್ನೆ ಹಾಗೆಯೇ ಉಳಿಯಿತು.

ಹಲಗೆ ಈಗ ಮತ್ತೆ ಗೋಡೆಯ ಮೇಲಿದೆ, ಹೂಬಳ್ಳಿ ಹೊರಗೆ, ಬೆನ್ನು ಒಳಗೆ. ಮೊನ್ನೆ ಮದುವೆಯ ಹುಡುಗಿಯೊಬ್ಬಳು ಹಲಗೆಯ ಮೇಲೆ ಕೈಯಿಟ್ಟು ನಗುತ್ತಾ, "ಹಿಂದುಗಡೆ ಏನಿದೆ, ಅಜ್ಜ?" ಎಂದು ಕೇಳಿದಳು.

ಹಾಲ್ವರ್ ಕ್ಯಾಮೆರಾದ ಹಿಂದೆ ಬಗ್ಗಿ ಲೆನ್ಸ್ ತಿರುಗಿಸಿದ.

"ಮರ ಕಣಮ್ಮ," ಎಂದ. "ಅಲ್ಲಾಡಬೇಡ."